ಐವತ್ತು ಮಿಲಿಮೀಟರಿನ ಲೆನ್ಸ್: ಕೊಡಿಸಬೇಕೇ, ಬೇಡವೇ?

ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಮಕ್ಕಳಿಗೆ ಏನಾದರೂ ಕೊಡಿಸುವುದು ನಮ್ಮ ಕಡೆಯ ಮನೆಗಳಲ್ಲಿ ಮೊದಲಿನಿಂದಲೂ ಇದ್ದ ರೂಢಿ. ಒಂದು ಕಾಲಕ್ಕೆ ಕೈಗಡಿಯಾರ, ಆಮೇಲೆ ಸೈಕಲ್, ಆಮೇಲೆ ಮೊಬೈಲ್. ಈಗ ಕೆಲವು ಮನೆಗಳಲ್ಲಿ ಕೆಮರಾ. ಆದರೆ ಸೈಕಲ್ ಕೊಟ್ಟರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಕೆಮರಾ ಹಾಗಲ್ಲ. ಅದು ಮನೆಗೆ ಬಂದು ಆರು ತಿಂಗಳು ತುಂಬುವ ಮೊದಲೇ ಎರಡನೆಯ ಅರ್ಜಿ ಬರುತ್ತದೆ: "ಅಪ್ಪಾ, ಒಂದು ಫಿಫ್ಟಿ ಪ್ರೈಮ್ ಲೆನ್ಸ್ ಬೇಕು."

ಅಡಿಕೆಯ ಲೆಕ್ಕವನ್ನೋ ಬೀಡಿಯ ಲೆಕ್ಕವನ್ನೋ ನೋಡಿಕೊಂಡು ಮನೆ ನಡೆಸುವ ತಂದೆತಾಯಂದಿರಿಗೆ ಇದು ತಲೆಬಿಸಿಯ ವಿಷಯ. ನಾರಾವಿ, ವೇಣೂರು ಕಡೆಯ ಹೆತ್ತವರು ಶಾಲೆಯ ಅಂಗಳದಲ್ಲಿ ಸಿಕ್ಕಿದಾಗ ಕೇಳುವುದು ಹೀಗೆ: "ಮಾಷ್ಟ್ರೇ, ಕೆಮರಾದಲ್ಲಿ ಒಂದು ಲೆನ್ಸ್ ಉಂಟಲ್ಲ? ಅದು ತಿರುಗಿಸಿದರೆ ಹತ್ತಿರವೂ ಬರುತ್ತದೆ, ದೂರವೂ ಹೋಗುತ್ತದೆ. ಇವನು ಕೇಳುವ ಲೆನ್ಸ್ ಹತ್ತಿರ ದೂರ ಏನೂ ಮಾಡುವುದಿಲ್ಲವಂತೆ. ಮತ್ತೆ ಅದಕ್ಕೆ ಹತ್ತು ಸಾವಿರ ಯಾಕೆ?"

ಪ್ರಶ್ನೆ ನ್ಯಾಯವಾದದ್ದೇ. ಇರುವ ಸೌಲಭ್ಯವನ್ನೇ ಕಡಿಮೆ ಮಾಡುವ ವಸ್ತುವಿಗೆ ಹಣ ಏಕೆ ಕೊಡಬೇಕು? ಇದಕ್ಕೆ "ಎಲ್ಲರೂ ತೆಗೆದುಕೊಳ್ಳುತ್ತಾರೆ" ಎಂಬುದು ಉತ್ತರವಲ್ಲ. "ಅದೆಲ್ಲ ಶೋಕಿ" ಎಂಬುದೂ ಉತ್ತರವಲ್ಲ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಬೆಳಕಿನ ಪಾಠ ಓದಿದವರು ತಾವೇ ಲೆಕ್ಕ ಹಾಕಿ ತೀರ್ಮಾನಿಸಬಹುದಾದ ಸಂಗತಿ ಇದು.

ಪ್ರೈಮ್ ಎಂದರೇನು?

ಪೀನ ಮಸೂರವನ್ನು ಬಿಸಿಲಿಗೆ ಹಿಡಿದು ಕಾಗದದ ಮೇಲೆ ಸೂರ್ಯನ ಚುಕ್ಕೆ ಬೀಳಿಸಿದ್ದು ನೆನಪಿದೆಯಲ್ಲ? ಮಸೂರದಿಂದ ಆ ಚುಕ್ಕೆಗೆ ಇರುವ ದೂರವೇ ಸಂಗಮದೂರ. ಕೆಮರಾದೊಂದಿಗೆ ಸಾಮಾನ್ಯವಾಗಿ ಬರುವ ಲೆನ್ಸಿನ ಮೇಲೆ 18-55 ಎಂದು ಬರೆದಿರುತ್ತದೆ. ಅಂದರೆ ಅದರ ಸಂಗಮದೂರವನ್ನು 18 ಮಿಲಿಮೀಟರಿನಿಂದ 55 ಮಿಲಿಮೀಟರಿನವರೆಗೆ ಬದಲಾಯಿಸಬಹುದು. ಇದು ಝೂಮ್. ಒಂದೇ ಸಂಗಮದೂರ ಇರುವುದು ಪ್ರೈಮ್. ದೃಶ್ಯ ದೊಡ್ಡದಾಗಬೇಕಿದ್ದರೆ ನೀವೇ ಎರಡು ಹೆಜ್ಜೆ ಮುಂದೆ ಹೋಗಬೇಕು, ಚಿಕ್ಕದಾಗಬೇಕಿದ್ದರೆ ಹಿಂದೆ ಬರಬೇಕು.

50 ಮಿ.ಮೀ. ಎಂಬುದು ಇಂದು ನಿನ್ನೆಯ ಸಂಖ್ಯೆಯಲ್ಲ. 1925ರಲ್ಲಿ ಮಾರುಕಟ್ಟೆಗೆ ಬಂದ ಜರ್ಮನಿಯ ಲೈಕಾ ಕೆಮರಾದಲ್ಲಿದ್ದದ್ದೂ ಇದೇ ಸಂಗಮದೂರದ ಲೆನ್ಸ್. ಫ್ರಾನ್ಸಿನ ಹೆನ್ರಿ ಕಾರ್ತಿಯೇ-ಬ್ರೆಸೋಂ ತನ್ನ ಬಹುಪಾಲು ಕೆಲಸವನ್ನು ಐವತ್ತರ ಲೆನ್ಸಿನಲ್ಲೇ ಮಾಡಿದ. 1948ರ ಜನವರಿಯಲ್ಲಿ ಗಾಂಧೀಜಿಯವರ ಕೊನೆಯ ದಿನಗಳನ್ನೂ ಅಂತಿಮಯಾತ್ರೆಯನ್ನೂ ಚಿತ್ರಿಸಿದವನು ಆತ. ಫಿಲ್ಮ್ ರೋಲಿನ ಕಾಲದಲ್ಲಿ ಎಸ್.ಎಲ್.ಆರ್. ಕೆಮರಾ ಕೊಂಡರೆ ಜತೆಗೆ ಬರುತ್ತಿದ್ದದ್ದು ಹೆಚ್ಚಾಗಿ ಐವತ್ತರ ಲೆನ್ಸೇ. ಝೂಮ್ ಅನ್ನು ಬೇರೆಯಾಗಿ ಕೊಳ್ಳಬೇಕಿತ್ತು. ಈಗ ಕಾಲ ತಿರುಗಿದೆ. ಝೂಮ್ ಕೆಮರಾದೊಂದಿಗೆ ಬರುತ್ತದೆ, ಐವತ್ತನ್ನು ಬೇರೆಯಾಗಿ ಕೊಳ್ಳಬೇಕು.

ರಂಧ್ರದ ಲೆಕ್ಕ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಅಗ್ಗದ ಐವತ್ತರ ಲೆನ್ಸಿನ ಮೇಲೆ 1:1.8 ಎಂದು ಬರೆದಿರುತ್ತದೆ. ಇದನ್ನು ಎಫ್/1.8 ಎಂದು ಓದುತ್ತೇವೆ. ಸಂಗಮದೂರವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಗೆ ಹೋಗುವ ಕಿಂಡಿಯ ವ್ಯಾಸ ಸಿಗುತ್ತದೆ. 50ನ್ನು 1.8ರಿಂದ ಭಾಗಿಸಿ: ಸುಮಾರು 28 ಮಿ.ಮೀ. ಕೆಮರಾದೊಂದಿಗೆ ಬಂದ ಝೂಮ್ ಲೆನ್ಸನ್ನು 50ಕ್ಕೆ ತಂದು ನಿಲ್ಲಿಸಿದರೆ ಅದರ ಅತಿ ದೊಡ್ಡ ಕಿಂಡಿ ಎಫ್/5.6. ಅಂದರೆ ವ್ಯಾಸ 9 ಮಿ.ಮೀ. ಕೂಡ ಇಲ್ಲ.

ವ್ಯಾಸ ಮೂರು ಪಟ್ಟು ಎಂದು ಬೆಳಕೂ ಮೂರು ಪಟ್ಟು ಎಂದುಕೊಳ್ಳಬೇಡಿ. ಬೆಳಕು ಕಿಂಡಿಯ ವಿಸ್ತೀರ್ಣಕ್ಕೆ ಅನುಗುಣ, ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣ. ಲೆಕ್ಕ ಮಾಡಿದರೆ ಸುಮಾರು 9.7 ಪಟ್ಟು ಬರುತ್ತದೆ. ನಿಮ್ಮ ಹತ್ತು ಸಾವಿರ ರೂಪಾಯಿ ಹೋಗುವುದು ಈ ಹತ್ತು ಪಟ್ಟು ಬೆಳಕಿಗೆ.

ಅದರಿಂದ ಏನು ಪ್ರಯೋಜನ? ನಮ್ಮೂರಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ದೀಪಾವಳಿಯ ನಂತರ ತಿರುಗಾಟಕ್ಕೆ ಹೊರಟ ಯಕ್ಷಗಾನ ಮೇಳಗಳು ಪತ್ತನಾಜೆಯವರೆಗೂ ಊರೂರಿಗೆ ಬರುತ್ತವೆ. ಆಟವೆಲ್ಲ ರಾತ್ರಿ. ರಂಗಸ್ಥಳದ ಬೆಳಕು ನಮ್ಮ ಕಣ್ಣಿಗೆ ಧಾರಾಳ, ಕೆಮರಾಕ್ಕೆ ಸಾಲದು. ಝೂಮ್ ಲೆನ್ಸಿನಲ್ಲಿ ಎಫ್/5.6, ಐ.ಎಸ್.ಓ. 1600 ಇಟ್ಟಾಗ ಸೆಕೆಂಡಿನ ಹದಿನೈದನೇ ಒಂದು ಭಾಗ ಶಟರ್ ತೆರೆದಿರಬೇಕಾಗುತ್ತದೆ ಎಂದಿಟ್ಟುಕೊಳ್ಳಿ. ವೇಷಧಾರಿಯ ಕೈ ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಚಲಿಸಿದರೆ ಅಷ್ಟು ಹೊತ್ತಿನಲ್ಲಿ ಅದು 13 ಸೆಂಟಿಮೀಟರ್ ಸರಿದಿರುತ್ತದೆ. ಚಿತ್ರದಲ್ಲಿ ಕೈಯ ಬದಲು ಒಂದು ಮಂಜಿನ ಗೆರೆ. ಎಫ್/1.8 ಲೆನ್ಸಿನಲ್ಲಿ ಅದೇ ಬೆಳಕಿಗೆ 1/145 ಸೆಕೆಂಡು ಸಾಕು. ಕೈ ಸರಿಯುವುದು ಒಂದೂವರೆ ಸೆಂಟಿಮೀಟರಿಗಿಂತ ಕಡಿಮೆ. ಧೀಂಗಿಣವನ್ನು ಗಾಳಿಯಲ್ಲೇ ನಿಲ್ಲಿಸಬೇಕೆಂದರೆ ಇದೂ ಸಾಲದು. ಐ.ಎಸ್.ಓ. 6400ಕ್ಕೆ ಏರಿಸಿದರೆ 1/500 ಸಿಗುತ್ತದೆ. ಝೂಮ್ ಲೆನ್ಸಿನಲ್ಲಿ ಆ ವೇಗ ಬೇಕಿದ್ದರೆ ಐ.ಎಸ್.ಓ. ಐವತ್ತು ಸಾವಿರವನ್ನು ದಾಟಬೇಕು. ಚಿತ್ರವೆಲ್ಲ ರವೆ ಚೆಲ್ಲಿದ ಹಾಗಾಗುತ್ತದೆ.

"ನಮ್ಮ ಝೂಮ್‌ನಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇದೆಯಲ್ಲ?" ಎಂದು ಜಾಣ ವಿದ್ಯಾರ್ಥಿಗಳು ಕೇಳಬಹುದು. ಇದೆ. ಅದು ನಿಮ್ಮ ಕೈಯ ನಡುಕವನ್ನು ತಡೆಯುತ್ತದೆ, ವೇಷದ ಕುಣಿತವನ್ನು ತಡೆಯುವುದಿಲ್ಲ. ಕತ್ತಲಿರುವ ಬಸದಿಯ ಕಂಬದ ಕೆತ್ತನೆಗೆ ಆ ವ್ಯವಸ್ಥೆ ಸಾಕು, ಕಂಬ ಕುಣಿಯುವುದಿಲ್ಲ. ಮಹಿಷಾಸುರನ ಪ್ರವೇಶಕ್ಕೆ ದೊಡ್ಡ ಕಿಂಡಿಯೇ ಬೇಕು.

ಅಗ್ಗವಾದದ್ದು ಹೇಗೆ?

ಹತ್ತು ಸಾವಿರವನ್ನು ಅಗ್ಗ ಎನ್ನುವುದೇ ತಪ್ಪು ಎಂದು ಹೆತ್ತವರು ಹೇಳಬಹುದು. ಆದರೆ ಇದೇ 50 ಮಿ.ಮೀ. ಸಂಗಮದೂರದಲ್ಲಿ ಎಫ್/1.2 ಲೆನ್ಸುಗಳೂ ಇವೆ, ಅವುಗಳ ಬೆಲೆ ಲಕ್ಷ ರೂಪಾಯಿ ದಾಟುತ್ತದೆ. ಎಫ್/1.8 ಮಾತ್ರ ಇಷ್ಟು ಕಡಿಮೆಗೆ ಸಿಗಲು ಕಾರಣಗಳಿವೆ.

ಮೊದಲನೆಯದು, ಇದರ ರಚನೆ ಹಳೆಯದು. ಮಧ್ಯದ ಕಿಂಡಿಯ ಎರಡೂ ಕಡೆ ಸರಿಸುಮಾರು ಒಂದೇ ಬಗೆಯ ಗಾಜುಗಳನ್ನು ಎದುರು ಬದುರಾಗಿ ಜೋಡಿಸಿದರೆ, ಮುಂದಿನ ಗುಂಪಿನ ಹಲವು ದೋಷಗಳನ್ನು ಹಿಂದಿನ ಗುಂಪು ಅಳಿಸಿಹಾಕುತ್ತದೆ. 1896ರಲ್ಲಿ ಝೈಸ್ ಕಂಪನಿಯ ಪೌಲ್ ರುಡಾಲ್ಫ್ ಇದೇ ತತ್ವದ ಮೇಲೆ ಪ್ಲಾನರ್ ಲೆನ್ಸನ್ನು ರೂಪಿಸಿದ. ಆಗ ಅದಕ್ಕೊಂದು ತೊಡಕಿತ್ತು. ಗಾಜು ಮತ್ತು ಗಾಳಿ ಸೇರುವ ಪ್ರತಿ ಮೇಲ್ಮೈಯೂ ನೂರಕ್ಕೆ ಸುಮಾರು ನಾಲ್ಕರಷ್ಟು ಬೆಳಕನ್ನು ಪ್ರತಿಫಲಿಸುತ್ತದೆ. ಅಂಥ ಹತ್ತು ಮೇಲ್ಮೈಗಳಿದ್ದರೆ ಮೂರನೇ ಒಂದು ಭಾಗ ಬೆಳಕು ದಾರಿಯಲ್ಲೇ ಖರ್ಚು, ಆ ಬೆಳಕು ಒಳಗೇ ಅಲೆದು ಚಿತ್ರವನ್ನು ಮಸುಕು ಮಾಡುವುದು ಬೇರೆ. 1935ರಲ್ಲಿ ಅದೇ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲ ಗಾಜಿನ ಮೇಲೆ ತೆಳುವಾದ ಲೇಪ ಕೊಡುವ ವಿಧಾನ ಕಂಡುಹಿಡಿದ ಮೇಲೆ ಈ ತೊಡಕು ನೀಗಿತು. ಲೆನ್ಸನ್ನು ಓರೆಯಾಗಿ ಹಿಡಿದಾಗ ಕಾಣುವ ನೇರಳೆ, ಹಸುರು ಹೊಳಪು ಈ ಬಗೆಯ ಲೇಪದ್ದೇ.

ಎರಡನೆಯದು, ಕನ್ನಡಿ ಇರುವ ಡಿ.ಎಸ್.ಎಲ್.ಆರ್. ಕೆಮರಾಗಳಲ್ಲಿ ಲೆನ್ಸ್ ಕೂರುವ ಬಳೆಗೂ ಸೆನ್ಸರಿಗೂ ನಡುವೆ ಸುಮಾರು 44ರಿಂದ 46 ಮಿ.ಮೀ. ಜಾಗ ಇರಬೇಕು. ಸಂಗಮದೂರ ಅದಕ್ಕಿಂತ ಕಡಿಮೆಯಾದರೆ ಬೆಳಕನ್ನು ಹಿಂದಕ್ಕೆ ತಳ್ಳಲು ಹೆಚ್ಚಿನ ಗಾಜು ಬೇಕು. ಐವತ್ತಕ್ಕೆ ಆ ಕಷ್ಟವಿಲ್ಲ. ಕ್ಯಾನನ್ ಕಂಪನಿ 2015ರಲ್ಲಿ ತಂದ ಎಫ್/1.8 ಎಸ್.ಟಿ.ಎಂ. ಲೆನ್ಸಿನಲ್ಲಿ ಇರುವುದು ಆರೇ ಗಾಜು, ತೂಕ ಸುಮಾರು 160 ಗ್ರಾಂ. ನಿಕಾನ್ ಕಂಪನಿಯ 2011ರ ಎಫ್/1.8 ಜಿ ಲೆನ್ಸಿನಲ್ಲಿ ಏಳು ಗಾಜು, ತೂಕ 185 ಗ್ರಾಂ.

ಮೂರನೆಯದು ಪ್ಲಾಸ್ಟಿಕ್. ಹೊರಕವಚ ಲೋಹದ್ದಲ್ಲ. ಕ್ಯಾನನ್‌ನ 1990ರ ಮಾದರಿಯಲ್ಲಂತೂ ಕೆಮರಾಕ್ಕೆ ಕೂರುವ ಬಳೆಯೂ ಪ್ಲಾಸ್ಟಿಕ್ಕಿನದೇ ಆಗಿತ್ತು. 2015ರ ಮಾದರಿಯಲ್ಲಿ ಅದು ಲೋಹದ್ದಾಯಿತು.

ತಾನಾಗಿ ಫೋಕಸ್ ಆಗುವುದು

ಸಾಮಾನ್ಯ ಜನರ ಕೈಗೆ ಬಂದ ಮೊದಲ ಆಟೋಫೋಕಸ್ ಕೆಮರಾ 1977ರ ಕೊನಿಕಾ ಸಿ35 ಎ.ಎಫ್. 1985ರಲ್ಲಿ ಮಿನೋಲ್ಟಾ 7000 ಈ ಸೌಲಭ್ಯವನ್ನು ಎಸ್.ಎಲ್.ಆರ್. ಕೆಮರಾದ ಒಳಗೇ ಅಳವಡಿಸಿ ತಂದಿತು. 1987ರಲ್ಲಿ ಕ್ಯಾನನ್ ತನ್ನ ಇ.ಓ.ಎಸ್. ಕೆಮರಾಗಳೊಂದಿಗೆ ಫೋಕಸ್ ಮಾಡುವ ಮೋಟಾರನ್ನು ಲೆನ್ಸಿನ ಒಳಗೇ ಇಟ್ಟಿತು.

ಕೆಲಸ ನಡೆಯುವುದು ನಮ್ಮ ಎರಡು ಕಣ್ಣುಗಳ ತತ್ವದಂತೆ. ಲೆನ್ಸಿನ ಎಡಭಾಗದಿಂದ ಬಂದ ಬೆಳಕು ಒಂದು ಬಿಂಬ ಮೂಡಿಸುತ್ತದೆ, ಬಲಭಾಗದಿಂದ ಬಂದದ್ದು ಇನ್ನೊಂದು. ಇವೆರಡರ ನಡುವಿನ ಅಂತರವನ್ನು ಅಳೆದರೆ ಲೆನ್ಸ್ ಮುಂದೆ ಹೋಗಬೇಕೇ, ಹಿಂದೆ ಬರಬೇಕೇ, ಎಷ್ಟು ಎಂಬುದು ಗೊತ್ತಾಗುತ್ತದೆ. ಮೋಟಾರು ಅಷ್ಟೇ ತಿರುಗುತ್ತದೆ. ಚಿತ್ರ ತೆಗೆಯುವ ಕ್ಷಣದವರೆಗೂ ಕಿಂಡಿ ಪೂರ್ತಿ ತೆರೆದೇ ಇರುವುದರಿಂದ ಎಫ್/1.8 ಲೆನ್ಸಿನಲ್ಲಿ ಕಣ್ಣಿಗೆ ಕಾಣುವ ದೃಶ್ಯವೂ ಬೆಳಕಾಗಿರುತ್ತದೆ.

ಆದರೆ ಅಳೆಯಲು ಏನಾದರೊಂದು ಗೆರೆ, ಅಂಚು ಬೇಕು. ಬರಿಯ ಕಪ್ಪು ಬಟ್ಟೆ, ರಾಳದ ಹೊಗೆ, ಖಾಲಿ ಗೋಡೆಯ ಎದುರು ಲೆನ್ಸ್ ಹಿಂದಕ್ಕೂ ಮುಂದಕ್ಕೂ ತಡಕಾಡುತ್ತದೆ. ಆಗ ಕಿರೀಟದ ಅಂಚಿಗೋ ಕಣ್ಣಿನ ಗೆರೆಗೋ ಮಧ್ಯದ ಚುಕ್ಕೆಯನ್ನು ಹಿಡಿಯುವುದು ಉಪಾಯ. ಅಗ್ಗದ ಲೆನ್ಸುಗಳ ಮೋಟಾರು ದುಬಾರಿಯವುಗಳಷ್ಟು ಚುರುಕಲ್ಲ ಎಂಬುದನ್ನೂ ಹೇಳಬೇಕು. 1990ರ ಮಾದರಿ ಸದ್ದನ್ನೂ ಮಾಡುತ್ತದೆ.

ಲಾಭದ ಪಟ್ಟಿ

ಬೆಳಕಿನ ಮಾತು ಆಯಿತು. ಎರಡನೆಯ ಲಾಭ ಹಿನ್ನೆಲೆಯದು. ಎರಡು ಮೀಟರ್ ದೂರದಲ್ಲಿ ಕುಳಿತ ಅಜ್ಜಿಯ ಚಿತ್ರ ತೆಗೆಯುತ್ತೀರಿ ಎನ್ನಿ. ಎಫ್/5.6ರಲ್ಲಿ ಸುಮಾರು 36 ಸೆಂ.ಮೀ. ಆಳದಷ್ಟು ಭಾಗ ಸ್ಪಷ್ಟವಾಗಿರುತ್ತದೆ. ಎಫ್/1.8ರಲ್ಲಿ ಅದು 11-12 ಸೆಂ.ಮೀ. ಮಾತ್ರ. ಮುಖ ಸ್ಪಷ್ಟ, ಹಿಂದಿನ ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆ, ಗೋಡೆಯ ಕ್ಯಾಲೆಂಡರ್ ಎಲ್ಲ ಕರಗಿಹೋಗುತ್ತವೆ. ಮಕ್ಕಳು ಈ ಲೆನ್ಸಿಗೆ ಮರುಳಾಗುವುದು ಹೆಚ್ಚಾಗಿ ಇದನ್ನು ನೋಡಿಯೇ.

ಮೂರನೆಯದು ಚೌಕಿಯ ಕೆಲಸ. ಆಟ ಶುರುವಾಗುವ ಮೊದಲು ಕಲಾವಿದರು ಚೌಕಿಯಲ್ಲಿ ಕುಳಿತು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವಾಗ ಅಲ್ಲಿ ಇರುವುದು ತಲೆಯ ಮೇಲಿನ ಒಂದು ದೀಪ, ಕೈಯಲ್ಲಿ ಒಂದು ಕನ್ನಡಿ. ಫ್ಲಾಶ್ ಹೊಡೆದರೆ ಬಣ್ಣದ ಸೊಗಸೂ ಹೋಗುತ್ತದೆ, ಕಲಾವಿದರ ಏಕಾಗ್ರತೆಯೂ ಕೆಡುತ್ತದೆ. ಅಪ್ಪಣೆ ಕೇಳಿ ಒಂದು ಮೂಲೆಯಲ್ಲಿ ಸದ್ದಿಲ್ಲದೆ ಕುಳಿತು ಇರುವ ಬೆಳಕಿನಲ್ಲೇ ಚಿತ್ರ ತೆಗೆಯಲು ಈ ಸಣ್ಣ ಲೆನ್ಸಿಗಿಂತ ಒಳ್ಳೆಯ ಸಾಧನ ಈ ಬೆಲೆಗೆ ಇಲ್ಲ. ನೇಮ, ಕೋಲಗಳಲ್ಲಂತೂ ಮನೆಯವರ, ಊರ ಹಿರಿಯರ ಒಪ್ಪಿಗೆ ಇಲ್ಲದೆ ಕೆಮರಾ ಹೊರತೆಗೆಯಬಾರದು. ಇದು ಲೆನ್ಸಿನ ವಿಷಯವಲ್ಲ, ನಡತೆಯ ವಿಷಯ.

ನಾಲ್ಕನೆಯದನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಿ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಘಟ್ಟದ ಬುಡದ ನಮ್ಮ ಊರುಗಳಲ್ಲಿ ಆಕಾಶ ತಿಳಿಯಾಗಿರುತ್ತದೆ. ಸಾಮಾನ್ಯ ಡಿ.ಎಸ್.ಎಲ್.ಆರ್. ಕೆಮರಾದಲ್ಲಿ ಐವತ್ತರ ಲೆನ್ಸ್ ಹಿಡಿಯುವ ಆಕಾಶ ಸುಮಾರು 26 ಡಿಗ್ರಿ ಉದ್ದ, 18 ಡಿಗ್ರಿ ಅಗಲ. ಮಹಾವ್ಯಾಧ ನಕ್ಷತ್ರಪುಂಜದ ಆರ್ದ್ರಾದಿಂದ ರೀಗಲ್‌ವರೆಗಿನ ಭಾಗ ಅದರಲ್ಲಿ ಹಿಡಿಸುತ್ತದೆ. ಭೂಮಿ ತಿರುಗುವುದರಿಂದ ನಕ್ಷತ್ರದ ಬಿಂಬ ಸೆನ್ಸರಿನ ಮೇಲೆ ಸೆಕೆಂಡಿಗೆ 0.0036 ಮಿ.ಮೀ. ಸರಿಯುತ್ತದೆ. ಆದ್ದರಿಂದ ಕೆಮರಾವನ್ನು ಸ್ಟ್ಯಾಂಡಿನ ಮೇಲಿಟ್ಟು ಐದಾರು ಸೆಕೆಂಡು ಮಾತ್ರ ತೆರೆದಿಡಬಹುದು, ಹೆಚ್ಚಾದರೆ ಚುಕ್ಕೆ ಗೆರೆಯಾಗುತ್ತದೆ. ಇಷ್ಟು ಕಡಿಮೆ ಸಮಯದಲ್ಲಿ ಕಣ್ಣಿಗೆ ಕಾಣದ ನಕ್ಷತ್ರಗಳು ಮೂಡಬೇಕಾದರೆ ದೊಡ್ಡ ಕಿಂಡಿಯೇ ಬೇಕು. ಎಫ್/1.8ರಲ್ಲಿ ಚಿತ್ರದ ಮೂಲೆಯ ನಕ್ಷತ್ರಗಳಿಗೆ ರೆಕ್ಕೆ ಮೂಡಿದಂತೆ ಕಾಣುತ್ತದೆ, ಎಫ್/2.8ಕ್ಕೆ ಇಳಿಸಿದರೆ ಬಹುಮಟ್ಟಿಗೆ ಸರಿಯಾಗುತ್ತದೆ.

ಐದನೆಯ ಲಾಭ ಕಣ್ಣಿಗೆ ಕಾಣದ್ದು. ಝೂಮ್ ಇಲ್ಲದಿರುವಾಗ ಎಲ್ಲಿ ನಿಲ್ಲಬೇಕು ಎಂದು ಯೋಚಿಸಲೇಬೇಕಾಗುತ್ತದೆ. ಮುಖದ ಮೂಗು ದಪ್ಪವಾಗಿ ಕಾಣುವುದು ಲೆನ್ಸಿನಿಂದಲ್ಲ, ತೀರಾ ಹತ್ತಿರ ನಿಂತಿದ್ದರಿಂದ ಎಂಬುದು ತಾನಾಗಿ ತಿಳಿಯುತ್ತದೆ. ಕಿಂಡಿ, ವೇಗ, ದೂರ ಎಂಬ ಮೂರು ಸಂಗತಿಗಳ ಸಂಬಂಧ ಕೈಗೆ ಹತ್ತುತ್ತದೆ.

ನಷ್ಟದ ಪಟ್ಟಿ

ಅಂಗಡಿಯವರು ಹೇಳದ ಮಾತುಗಳು ಇಲ್ಲಿವೆ.

ಮೊದಲನೆಯದು ಜಾಗ. ವಿದ್ಯಾರ್ಥಿಗಳ ಬಳಿ ಸಾಮಾನ್ಯವಾಗಿ ಇರುವ ಕೆಮರಾಗಳ ಸೆನ್ಸರ್ ಹಳೆಯ ಫಿಲ್ಮಿಗಿಂತ ಚಿಕ್ಕದು, ಉದ್ದ ಸುಮಾರು 23 ಮಿ.ಮೀ. ಹೀಗಾಗಿ ಐವತ್ತರ ಲೆನ್ಸ್ ಹಳೆಯ ಲೆಕ್ಕದ 75 ಅಥವಾ 80 ಮಿ.ಮೀ.ನಂತೆ ವರ್ತಿಸುತ್ತದೆ. ಆರು ಮೀಟರ್ ಅಗಲ ನಿಂತ ತರಗತಿಯ ಗುಂಪುಚಿತ್ರಕ್ಕೆ ನೀವು ಸುಮಾರು 13 ಮೀಟರ್ ಹಿಂದೆ ಹೋಗಬೇಕು. ತರಗತಿಯ ಕೋಣೆಯೇ ಅಷ್ಟು ಉದ್ದವಿಲ್ಲ, ಕಿಟಕಿಯಿಂದ ಹೊರಗೆ ಹಾರಬೇಕಾದೀತು! ಝೂಮ್ ಲೆನ್ಸಿನ 18ರಲ್ಲಿ ಐದು ಮೀಟರ್ ಒಳಗೇ ಕೆಲಸ ಮುಗಿಯುತ್ತದೆ. ವೇಣೂರಿನ ಬಾಹುಬಲಿ 1604ರಲ್ಲಿ ಪ್ರತಿಷ್ಠಾಪನೆಯಾದ 35 ಅಡಿ ಎತ್ತರದ ವಿಗ್ರಹ. ಪೀಠ ಬಿಟ್ಟು ವಿಗ್ರಹವಷ್ಟೇ ಚೌಕಟ್ಟಿನಲ್ಲಿ ತುಂಬಲು ಸುಮಾರು 23 ಮೀಟರ್ ದೂರ ಬೇಕು. ಗೃಹಪ್ರವೇಶ, ತೊಟ್ಟಿಲ ಕಾರ್ಯಕ್ರಮ ಎಂದು ಸಣ್ಣ ಮನೆಯೊಳಗೆ ಇದನ್ನೊಂದೇ ಹಿಡಿದು ಹೋದರೆ ಅರ್ಧ ಮುಖಗಳೇ ಗತಿ.

ಎರಡನೆಯದು ಹಕ್ಕಿಗಳು. ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿಚಿತ್ರಗಳನ್ನು ನೋಡಿ ಉತ್ಸಾಹಗೊಂಡ ಹುಡುಗರು ಈ ಲೆನ್ಸನ್ನು ಕೇಳಿದರೆ ಕೂಡಲೇ ತಡೆಯಿರಿ. ಹತ್ತು ಮೀಟರ್ ದೂರದ ಕೊಂಬೆಯ ಮೇಲೆ ಕುಳಿತ 40 ಸೆಂ.ಮೀ. ಉದ್ದದ ಹಕ್ಕಿಯ ಬಿಂಬ ಸೆನ್ಸರಿನ ಮೇಲೆ ಎರಡೇ ಮಿ.ಮೀ. ಚಿತ್ರದ ಉದ್ದದ ಸುಮಾರು ಹನ್ನೆರಡನೇ ಒಂದು ಪಾಲು ಅಷ್ಟೇ. ಹಕ್ಕಿಗೆ ದೊಡ್ಡ ಸಂಗಮದೂರದ ಲೆನ್ಸೇ ಬೇಕು. ಚಿಟ್ಟೆಗೂ ಇದು ಪೂರ್ತಿ ಹೊಂದುವುದಿಲ್ಲ. ಕ್ಯಾನನ್‌ನ 2015ರ ಮಾದರಿ 35 ಸೆಂ.ಮೀ.ವರೆಗೆ ಹತ್ತಿರ ಹೋಗುತ್ತದೆ, ಆಗಲೂ ಚೌಕಟ್ಟಿನಲ್ಲಿ ಹಿಡಿಸುವುದು ಹತ್ತು ಸೆಂ.ಮೀ. ಅಗಲ. ದಾಸವಾಳಕ್ಕೆ ಸರಿ, ಇರುವೆಗೆ ಅಲ್ಲ.

ಮೂರನೆಯದು, ಹೊಗಳಿದ ಗುಣವೇ ದೋಷವೂ ಆಗುತ್ತದೆ. ಒಂದು ಮೀಟರ್ ದೂರದಲ್ಲಿ ಎಫ್/1.8 ಇಟ್ಟರೆ ಸ್ಪಷ್ಟವಾಗಿರುವ ಆಳ ಮೂರು ಸೆಂ.ಮೀ. ಕೂಡ ಇಲ್ಲ. ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು. ಹೊಸಬರು "ಲೆನ್ಸ್ ಸರಿ ಇಲ್ಲ" ಎಂದು ದೂರುವುದು ಹೆಚ್ಚಾಗಿ ಈ ಕಾರಣಕ್ಕೆ. ಪೂರ್ತಿ ತೆರೆದಾಗ ಚಿತ್ರದ ಮೂಲೆಗಳು ಸ್ವಲ್ಪ ಕಪ್ಪಾಗುವುದು, ಬೆಳ್ಳಿಯ ಆಭರಣದಂಥ ಹೊಳೆಯುವ ಅಂಚುಗಳಲ್ಲಿ ನೇರಳೆ ಬಣ್ಣ ಇಣುಕುವುದು ಸಹಜ. ಎಫ್/2.8 ಅಥವಾ ಎಫ್/4ಕ್ಕೆ ತಂದರೆ ಇವು ಬಹಳಷ್ಟು ಕಡಿಮೆಯಾಗಿ ಚಿತ್ರ ಚೂಪಾಗುತ್ತದೆ. ನಾಲ್ಕನೆಯದು, ಇದರಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇಲ್ಲ. ಐದನೆಯದು, ಕೈತಪ್ಪಿ ಬಿದ್ದರೆ ಪ್ಲಾಸ್ಟಿಕ್ ಕವಚ ತಡೆಯುವುದು ಕಷ್ಟ, ರಿಪೇರಿಯ ಖರ್ಚು ಹೊಸದರ ಬೆಲೆಯ ಹತ್ತಿರ ಬರಬಹುದು.

ಮೊಬೈಲಿನಲ್ಲೂ 1.8 ಇದೆಯಲ್ಲ?

ಇದೆ. ಆದರೆ ಭಾಗಾಕಾರ ಮಾಡಿ ನೋಡಿ. ಮೊಬೈಲಿನ ಮುಖ್ಯ ಲೆನ್ಸಿನ ನಿಜವಾದ ಸಂಗಮದೂರ ಸಾಮಾನ್ಯವಾಗಿ ಆರು ಮಿ.ಮೀ. ಆಸುಪಾಸು. 1.8ರಿಂದ ಭಾಗಿಸಿದರೆ ಕಿಂಡಿಯ ವ್ಯಾಸ ಮೂರು ಮಿ.ಮೀ. ಚಿಲ್ಲರೆ. ಒಂದೇ ಸಂಖ್ಯೆ, ಒಂದು ಕಡೆ ಬಾವಿಯ ಬಾಯಿ, ಇನ್ನೊಂದು ಕಡೆ ಕೊಡಪಾನದ ಬಾಯಿ. ಮೊಬೈಲ್ ಆ ಕೊರತೆಯನ್ನು ಗಣಿತದಿಂದ ತುಂಬುತ್ತದೆ. ಹಲವು ಚಿತ್ರಗಳನ್ನು ತೆಗೆದು ಒಂದರ ಮೇಲೊಂದು ಸೇರಿಸುತ್ತದೆ, ಹಿನ್ನೆಲೆಯನ್ನು ಲೆಕ್ಕ ಹಾಕಿ ಮಸುಕು ಮಾಡುತ್ತದೆ. ಹಬ್ಬದ, ಪ್ರವಾಸದ ನೆನಪಿಗೆ ಅದು ಧಾರಾಳ ಸಾಕು. ಮನೆಯಲ್ಲಿ ಕೆಮರಾವೇ ಇಲ್ಲದವರು ಈ ಒಂದು ಲೆನ್ಸಿನ ಆಸೆಗೆ ಕೆಮರಾ ಕೊಳ್ಳುವ ಅಗತ್ಯವಿಲ್ಲ.

ಕೊಳ್ಳುವ ಮೊದಲು

ಅಂಗಡಿಗೆ ಹೋಗುವ ಮೊದಲು ಖರ್ಚಿಲ್ಲದ ಎರಡು ಪರೀಕ್ಷೆಗಳಿವೆ. ಒಂದು, ಮಗಳೋ ಮಗನೋ ಈವರೆಗೆ ತೆಗೆದ ಚಿತ್ರಗಳ ವಿವರವನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಯಾವ ಸಂಗಮದೂರದಲ್ಲಿ ತೆಗೆದದ್ದು ಎಂದು ಪ್ರತಿ ಚಿತ್ರದಲ್ಲೂ ದಾಖಲಾಗಿರುತ್ತದೆ. ಹೆಚ್ಚಿನವು 18ರಿಂದ 24ರ ನಡುವೆ ಇದ್ದರೆ ಐವತ್ತು ಅವರಿಗೆ ಹೊಂದುವುದಿಲ್ಲ. ಎರಡು, ಇರುವ ಝೂಮ್ ಲೆನ್ಸನ್ನು 50ಕ್ಕೆ ತಂದು ಸಣ್ಣ ಟೇಪಿನ ತುಂಡು ಅಂಟಿಸಿ. ಒಂದು ವಾರ ಅದನ್ನು ಕೀಳದೆ ಚಿತ್ರ ತೆಗೆಯಲಿ. ವಾರದ ಕೊನೆಗೆ ಉತ್ಸಾಹ ಉಳಿದಿದ್ದರೆ ಕೊಡಿಸಬಹುದು. ಮೂರನೆಯ ದಿನವೇ ಟೇಪು ಕಿತ್ತುಹೋಗಿದ್ದರೆ ನಿಮ್ಮ ಹಣ ಉಳಿಯಿತು.

ಆಮೇಲೆ ಜೋಡಿ ನೋಡಬೇಕು. ನಿಕಾನ್‌ನ ಹಳೆಯ 50 ಮಿ.ಮೀ. 'ಡಿ' ಲೆನ್ಸಿನೊಳಗೆ ಮೋಟಾರಿಲ್ಲ. ಡಿ3000, ಡಿ5000 ಸಾಲಿನ, ಅಂದರೆ ವಿದ್ಯಾರ್ಥಿಗಳು ಹೆಚ್ಚಾಗಿ ಕೊಳ್ಳುವ ಕೆಮರಾಗಳೊಳಗೂ ಇಲ್ಲ. ಇವೆರಡನ್ನು ಜೋಡಿಸಿದರೆ ಚಿತ್ರ ಬರುತ್ತದೆ, ಫೋಕಸನ್ನು ಮಾತ್ರ ಕೈಯಿಂದಲೇ ತಿರುಗಿಸಬೇಕು. ಕಡಿಮೆಗೆ ಸಿಕ್ಕಿತೆಂದು ಅದನ್ನು ತಂದು ಪೇಚಾಡುವುದಕ್ಕಿಂತ 'ಜಿ' ಮಾದರಿಯನ್ನೇ ಕೇಳಿ. ಅಥವಾ ನಿಕಾನ್ 2009ರಲ್ಲಿ ತಂದ 35 ಮಿ.ಮೀ. ಎಫ್/1.8 ಲೆನ್ಸ್ ನೋಡಿ. ಚಿಕ್ಕ ಸೆನ್ಸರಿನ ಕೆಮರಾದಲ್ಲಿ ಹಳೆಯ ಐವತ್ತರ ನೋಟ ಕೊಡುವುದು ಅದೇ. ಮನೆಯೊಳಗಿನ ಚಿತ್ರಕ್ಕೆ ಅದು ಹೆಚ್ಚು ಅನುಕೂಲ. ಕ್ಯಾನನ್‌ನ ಇ.ಎಫ್. ಲೆನ್ಸ್ ಅದರ ಡಿ.ಎಸ್.ಎಲ್.ಆರ್. ಕೆಮರಾಗಳಿಗೆಲ್ಲ ಕೂರುತ್ತದೆ. ಕನ್ನಡಿಯಿಲ್ಲದ ಹೊಸ ಕೆಮರಾಗಳಿಗೆ ನಡುವೆ ಒಂದು ಜೋಡಣೆಯ ಬಳೆ ಬೇಕು, ಇಲ್ಲವೇ ಅವಕ್ಕೆಂದೇ 2020ರಲ್ಲಿ ಬಂದ ಆರ್.ಎಫ್. ಮಾದರಿ ಬೇಕು. 2020ರ ಬಳಿಕ ಈ ಎರಡು ಕಂಪನಿಗಳು ಹೊಸ ಡಿ.ಎಸ್.ಎಲ್.ಆರ್. ಮಾದರಿ ತಂದಿಲ್ಲ ಎಂಬುದೂ ನೆನಪಿರಲಿ. ಕೆಟ್ಟ ಸುದ್ದಿ ಎಂದುಕೊಳ್ಳಬೇಡಿ. ಬಹಳ ಮಂದಿ ಹೊಸದಕ್ಕೆ ಹೋಗುತ್ತಿರುವುದರಿಂದ ಹಳೆಯ ಲೆನ್ಸುಗಳು ಒಳ್ಳೆಯ ಸ್ಥಿತಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ.

ಬಳಸಿದ ಲೆನ್ಸ್ ಕೊಳ್ಳುವಾಗ ಒಂದು ಸಣ್ಣ ಟಾರ್ಚ್ ಜತೆಯಲ್ಲಿರಲಿ. ಹಿಂದಿನಿಂದ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಒಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಬೂಷ್ಟು ಹಿಡಿದಿದೆ, ಬೇಡವೆನ್ನಿ. ನಾಲ್ಕಾರು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ. ಹತ್ತಿರದ ವಸ್ತು, ದೂರದ ವಸ್ತು ಎಂದು ಹತ್ತು ಸಲ ಫೋಕಸ್ ಮಾಡಿ ನೋಡಿ. ಮೋಟಾರು ಕಿರುಗುಟ್ಟಿದರೆ ಅಥವಾ ಮಧ್ಯದಲ್ಲಿ ನಿಂತರೆ ಅದೂ ಬೇಡ.

ಆಟಿಯ ಶತ್ರು

ಕರಾವಳಿಯಲ್ಲಿ ಲೆನ್ಸಿನ ದೊಡ್ಡ ಶತ್ರು ಕಳ್ಳನಲ್ಲ, ಬೂಷ್ಟು. ಜೂನಿನಿಂದ ಆಟಿ ಕಳೆಯುವವರೆಗೆ ಗೋದ್ರೇಜಿನೊಳಗಿನ ಬಟ್ಟೆಯೇ ವಾಸನೆ ಬರುವಾಗ ಲೆನ್ಸನ್ನು ಕೇಳಬೇಕೇ? ಶಿಲೀಂಧ್ರ ಗಾಜಿನ ಮೇಲೆ ಬೆಳೆದಾಗ ಒಸರುವ ಆಮ್ಲ ಲೇಪವನ್ನೇ ತಿನ್ನುತ್ತದೆ. ಒರೆಸಿದರೂ ಗುರುತು ಉಳಿಯುತ್ತದೆ. ಚರ್ಮದ ಚೀಲದಲ್ಲಿಟ್ಟು ಕಪಾಟಿಗೆ ಸೇರಿಸುವುದು ಅದನ್ನು ಸಾಕಿದಂತೆಯೇ. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಬಣ್ಣ ಬದಲಾಗುವ ಹರಳುಗಳಾದರೆ ನೀಲಿ ಗುಲಾಬಿಯಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ವಾರಕ್ಕೊಮ್ಮೆ ಹೊರತೆಗೆದು ಚಿತ್ರ ತೆಗೆಯಿರಿ. ಬಳಕೆಯಲ್ಲಿರುವ ಲೆನ್ಸಿಗೆ ಬೂಷ್ಟು ಹಿಡಿಯುವುದು ಕಡಿಮೆ. ಅಕ್ಕಿಯ ಡಬ್ಬಿಯಲ್ಲಿ ಹೂತಿಡುವ ಉಪಾಯವನ್ನು ಕೆಲವರು ಹೇಳುತ್ತಾರೆ. ಅಕ್ಕಿಯ ಹುಡಿ ಲೆನ್ಸಿನೊಳಗೆ ಸೇರುತ್ತದೆ, ಬೇಡ.

ಹಾಗಾದರೆ ತೀರ್ಮಾನ?

ಮಕ್ಕಳು ಚಿತ್ರ ತೆಗೆಯುವುದು ರಾತ್ರಿಯ ಆಟ, ಶಾಲೆಯ ವಾರ್ಷಿಕೋತ್ಸವ, ಜನರ ಮುಖ, ಆಕಾಶ ಇಂಥವನ್ನಾದರೆ ಕೊಡಿಸಿ. ಉಜಿರೆಯಲ್ಲೋ ಮೂಡುಬಿದಿರೆಯಲ್ಲೋ ಪತ್ರಿಕೋದ್ಯಮ ಓದಲು ಹೊರಟವರಿಗೆ, ಸ್ಟುಡಿಯೋ ಕೆಲಸ ಕಲಿಯುವವರಿಗೆ ಇದು ಉಪಕರಣ, ಆಟಿಕೆಯಲ್ಲ. ಹಕ್ಕಿ, ಹುಳು, ದೊಡ್ಡ ಕಟ್ಟಡ, ಗುಂಪುಚಿತ್ರಗಳೇ ಆಸಕ್ತಿಯಾದರೆ ಬೇಡ. ಕೆಮರಾ ಬಂದು ಒಂದು ವರ್ಷವಾಗಿಲ್ಲ, ಇನ್ನೂ 'ಆಟೋ' ಗುಂಡಿಯಲ್ಲೇ ಚಿತ್ರ ತೆಗೆಯುತ್ತಾರೆ ಎಂದಾದರೆ ಕಾಯಿರಿ. ಐವತ್ತರ ಲೆನ್ಸ್ ಎಲ್ಲಿಗೂ ಓಡಿಹೋಗುವುದಿಲ್ಲ.

ವಿದ್ಯಾರ್ಥಿಗಳಿಗೂ ಒಂದು ಮಾತು. ಹತ್ತು ಸಾವಿರ ರೂಪಾಯಿ ಕೇಳುವಾಗ "ಎಲ್ಲರ ಹತ್ತಿರ ಇದೆ" ಎನ್ನಬೇಡಿ. ಒಂದು ಹಾಳೆಯಲ್ಲಿ ಕಿಂಡಿಯ ವ್ಯಾಸ, ಬೆಳಕಿನ ಪ್ರಮಾಣ, ನಿಲ್ಲಬೇಕಾದ ದೂರ ಇಷ್ಟನ್ನು ನೀವೇ ಲೆಕ್ಕ ಮಾಡಿ ಬರೆದು, ಟೇಪು ಅಂಟಿಸಿದ ವಾರದಲ್ಲಿ ತೆಗೆದ ಹತ್ತು ಒಳ್ಳೆಯ ಚಿತ್ರಗಳ ಜತೆ ಅಪ್ಪ ಅಮ್ಮನ ಮುಂದೆ ಇಡಿ. ಆ ಹಾಳೆ ಬರೆಯಲು ಬಂದವರಿಗೆ ಲೆನ್ಸ್ ಬಳಸಲೂ ಬರುತ್ತದೆ. ಹೆತ್ತವರು ಹಣ ಬಿಚ್ಚುವುದಕ್ಕೆ ಅದಕ್ಕಿಂತ ಒಳ್ಳೆಯ ಕಾರಣ ಬೇಕಾಗಿಲ್ಲ.